ಕನಿಷ್ಠ ಅರ್ಹತೆ

ನಮ್ಮ ಮನೆಯ ಕಂಪ್ಯೂಟರಿನ ಡಬ್ಬಿಯ ಮೇಲೆ ಸದಾ ಒಂದು ಹಳದಿ ಲಕೋಟೆ ಇರುತ್ತದೆ. ಒಳಗೆ ನನ್ನ ಜಾತಕದ ಹನ್ನೆರಡು ಜೆರಾಕ್ಸ್ ಪ್ರತಿ. 2010ರಲ್ಲಿ ಶಿವಮೊಗ್ಗದ ನೆಹರು ರೋಡಿನಿಂದ ಈ ಯಂತ್ರವನ್ನು ಬಸ್ಸಿಗೆ ಹೇರಿಕೊಂಡು ಹೊಸನಗರದ ಕಡೆಯ ನಮ್ಮೂರಿಗೆ ತಂದ ವರ್ಷವೇ ಅಮ್ಮ ನನಗೆ ಹೆಣ್ಣು ಹುಡುಕಲು ಹೊರಟದ್ದು. ಆಗ ನಾವಿಬ್ಬರೂ ಚಾಲ್ತಿಯಲ್ಲಿದ್ದ ಮಾಡೆಲ್ಲುಗಳೇ.

ಡ್ಯುಯಲ್ ಕೋರ್, ಎರಡು ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್‌ಡಿಸ್ಕು. "ಇಷ್ಟು ಜಾಗ ತುಂಬಿಸೋಕೆ ನಿಮ್ಮ ಜನ್ಮ ಸಾಲಲ್ಲ ಸಾರ್" ಅಂದಿದ್ದ ಅಂಗಡಿಯವನು. ಊರಿಗೆ ಅದೇ ಮೊದಲನೇದು. ಪಹಣಿ ನೋಡಲು, ಎಸ್ಸೆಸ್ಸೆಲ್ಸಿ ರಿಸಲ್ಟು ತೆಗೆಸಲು ಕೆಳಮನೆ ಮೇಲ್ಮನೆಯವರೆಲ್ಲ ಬಂದು, ಅಂಗಳದಲ್ಲಿ ಕಾಲು ತೊಳೆದು, ಅದರೆದುರು ಕೂರುತ್ತಿದ್ದರು. ಮೌಸು ಮುಟ್ಟುವ ಮೊದಲು ಪಂಚೆಗೆ ಕೈ ಒರೆಸಿಕೊಂಡವರನ್ನೂ ಕಂಡಿದ್ದೇನೆ.

2025ರ ಜುಲೈನಲ್ಲಿ ಮಳೆ ರಜೆ ಸಿಕ್ಕಿತು ಅಂತ ಅಕ್ಕನ ಮಗ ಬಂದ. ಪಿಯುಸಿ ಹುಡುಗ. ಕೊಡೆ ಮಡಚುವ ಮೊದಲೇ ಕೇಳಿದ.

"ಮಾವ, ನಿಮ್ಮ ಸಿಸ್ಟಮ್‌ದು ಕಾನ್ಫಿಗರೇಷನ್ ಎಂತದು?"

ಹೇಳಿದೆ. ಸುಮ್ಮನಾದ. ಸಾವಿನ ಮನೆಯಲ್ಲಿ 'ಎಷ್ಟಾಗಿತ್ತು ವಯಸ್ಸು' ಅಂತ ಕೇಳಿದವರು ಉತ್ತರ ಕೇಳಿ ಸುಮ್ಮನಾಗುತ್ತಾರಲ್ಲ, ಹಾಗೆ.

ಅವನಿಗೆ ಬೇಕಿದ್ದದ್ದು ಡೂಮ್ ಅನ್ನುವ ಕಂಪ್ಯೂಟರ್ ಗೇಮಿನ ಮೇ ತಿಂಗಳಲ್ಲಿ ಬಂದ ಹೊಸ ಕಂತು, 'ದ ಡಾರ್ಕ್ ಏಜಸ್'. ಫೋನಿನಲ್ಲಿ ಓದಿ ಹೇಳಿದ: 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಅನ್ನುವ, ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕಿನಲ್ಲಿ 100 ಜಿಬಿ ಜಾಗ, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡು, ಅದರಲ್ಲೂ ರೇ ಟ್ರೇಸಿಂಗ್ ಬರುವಂಥದ್ದು.

"ಇಷ್ಟಿದ್ರೆ ಭರ್ಜರಿಯಾಗಿ ಓಡುತ್ತೆ ಅಂತಾಯ್ತು."

"ಇದು ಮಿನಿಮಮ್ ಮಾವ. ರೆಕಮೆಂಡೆಡ್ ಕೇಳ್ಬೇಡಿ."

ಈ ಧಾಟಿ ನನಗೆ ಹೊಸದಲ್ಲ. ಸಂಬಂಧ ಕುದುರಿಸುವ ನಮ್ಮ ಭಟ್ಟರು ಫೋನಿನಲ್ಲಿ ಹೀಗೇ ಮಾತಾಡುವುದು. 2010ರಲ್ಲಿ ಎರಡೆಕರೆ ಅಡಿಕೆ ತೋಟ, ಒಂದು ಡಿಗ್ರಿ, ಒಂದು ಬೈಕು ಇದ್ದರೆ ಹುಡುಗ ಪಾಸು. ನಾಲ್ಕು ವರ್ಷ ಬಿಟ್ಟು ಮನೆ ಬಾಗಿಲವರೆಗೆ ಟಾರು ರೋಡು ಕೇಳಿದರು. ಟಾರು ಬರುವಷ್ಟರಲ್ಲಿ ಕಾರು ಕೇಳಿದರು. ಕಾರು ತಂದೆ, ಶಿವಮೊಗ್ಗದಲ್ಲಿ ಸೈಟು ಅಂದರು. ಈಗಿನ ಕನಿಷ್ಠ ಅರ್ಹತೆ ಬೆಂಗಳೂರಲ್ಲಿ ಫ್ಲಾಟು, ಐಟಿ ಕೆಲಸ; ಊರಲ್ಲಿ ತೋಟವೂ ಇರಬೇಕು, ಆದರೆ ಹುಡುಗ ತೋಟದಲ್ಲಿ ಇರಬಾರದು. ಎರಡೆಕರೆ ಒಂದು ಗುಂಟೆಯೂ ಕಮ್ಮಿಯಾಗಿಲ್ಲ, ಬೈಕು ಇವತ್ತಿಗೂ ಒಂದೇ ಕಿಕ್ಕಿಗೆ ಸ್ಟಾರ್ಟು. ಆದರೂ ಪ್ರತಿ ವರ್ಷ ಫೇಲು.

ಡೂಮ್‌ನದೂ ಅದೇ ಕತೆ. ಮೊದಲನೇ ಡೂಮ್ ಬಂದದ್ದು 1993ರ ಡಿಸೆಂಬರಿನಲ್ಲಿ. ಅದು ಕೇಳಿದ್ದು ಒಂದು 386 ಪ್ರೊಸೆಸರು, ನಾಲ್ಕು ಎಂಬಿ ರ‍್ಯಾಮ್. ನಾಲ್ಕು ಎಂಬಿಯಿಂದ 16 ಜಿಬಿಗೆ ಅಂದರೆ 4096 ಪಟ್ಟು. ಅದೇ ಲೆಕ್ಕದಲ್ಲಿ ನಮ್ಮ ತೋಟ ಬೆಳೆದಿದ್ದರೆ ಇಷ್ಟು ಹೊತ್ತಿಗೆ 8192 ಎಕರೆ ಆಗಿ, ಭೂಸುಧಾರಣೆಯವರು ಬಂದು ಹಿಡಿದುಕೊಂಡು ಹೋಗುತ್ತಿದ್ದರು.

"ಅಷ್ಟೆಲ್ಲ ಎಂತಕ್ಕೆ ಬೇಕು ಮಾರಾಯಾ? ಆಗಲೂ ರಾಕ್ಷಸರನ್ನ ಹೊಡೆಯೋದು, ಈಗಲೂ ರಾಕ್ಷಸರನ್ನ ಹೊಡೆಯೋದು."

ಹುಡುಗ ತಾಳ್ಮೆಯಿಂದ ಬಿಡಿಸಿ ಹೇಳಿದ. ಮೊದಲೆಲ್ಲ ಗೋಡೆಯ ಮೇಲೆ ಬೆಳಕು ಎಲ್ಲಿ ಬೀಳಬೇಕು, ನೆರಳು ಎಲ್ಲಿರಬೇಕು ಅನ್ನುವುದನ್ನು ಗೇಮು ಮಾಡುವವರೇ ಮುಂಚಿತವಾಗಿ ಲೆಕ್ಕ ಹಾಕಿ ಬಳಿದಿಡುತ್ತಿದ್ದರಂತೆ. ಈಗ ಕಿರಣ ಎಲ್ಲಿ ಹೊರಟಿತು, ಯಾವುದಕ್ಕೆ ತಾಗಿ ಎತ್ತ ತಿರುಗಿತು ಅನ್ನುವ ಲೆಕ್ಕವನ್ನು ಆಡುವ ಹೊತ್ತಿಗೇ ಕಾರ್ಡು ಮಾಡಬೇಕು, ಸೆಕೆಂಡಿಗೆ ಅರವತ್ತು ಸಲ. ಅದೇ ರೇ ಟ್ರೇಸಿಂಗ್. ಜೊತೆಗೆ 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಹೊಸ ಎಕ್ಸ್‌ಬಾಕ್ಸ್ ಎಂಬ ಗೇಮು ಆಡುವ ಪೆಟ್ಟಿಗೆಗಳಲ್ಲಿ ಎಸ್‌ಎಸ್‌ಡಿ ಇದೆ. ಹಾಗಾಗಿ ತಿರುಗುವ ಹಾರ್ಡ್‌ಡಿಸ್ಕಿಗೆ ಕಾಯುವ ವ್ಯವಧಾನ ಗೇಮುಗಳಿಗೆ ಹೋಗಿಬಿಟ್ಟಿದೆ. ಎಲ್ಲ ಸರಿ. ಆದರೆ ಜೂನಿನಿಂದ ನಮ್ಮ ಅಂಗಳಕ್ಕೇ ಬಿಸಿಲ ಕಿರಣ ಬಿದ್ದಿಲ್ಲ, ಗೇಮಿನೊಳಗಿನ ಕಿರಣಕ್ಕೆ ಕಾರ್ಡು ಎಲ್ಲಿಂದ ತರಲಿ?

ಇನ್ನು ಡೌನ್‌ಲೋಡು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಬೇಕು. ದಿನಕ್ಕೆ ಒಂದೂವರೆ ಜಿಬಿಯಂತೆ 100 ಜಿಬಿಗೆ ಅರವತ್ತೇಳು ದಿನ. ಅಷ್ಟರಲ್ಲಿ ತೋಟಕ್ಕೆ ಎರಡನೇ ಸುತ್ತಿನ ಬೋರ್ಡೋ ಔಷಧಿ ಹೊಡೆದು ಮುಗಿದಿರುತ್ತದೆ. ಶಿವಮೊಗ್ಗದ ಗೆಳೆಯನ ಮನೆಯಿಂದ ಹಾರ್ಡ್‌ಡಿಸ್ಕಿನಲ್ಲಿ ತುಂಬಿಸಿಕೊಂಡು ಬರುತ್ತೇನೆ ಅಂದ ಹುಡುಗ, ಪಕ್ಕದ ಮನೆಯಿಂದ ಹೆಪ್ಪು ತರುವವನ ಹಾಗೆ. ತಂದರೂ ಉಪಯೋಗವಿಲ್ಲ. ನಮ್ಮದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನವರು 2020ರ ಜನವರಿಯಲ್ಲೇ ಎಳ್ಳುನೀರು ಬಿಟ್ಟಿದ್ದಾರೆ. ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಕೂಡ 2024ರ ಜನವರಿ 1ರಿಂದ ಅದನ್ನು ಮನೆಗೆ ಸೇರಿಸುವುದಿಲ್ಲ.

ಈ ಮಾತುಕತೆಯನ್ನೆಲ್ಲ ಕೇಳಿಸಿಕೊಂಡಿತೋ ಏನೋ, ನಮ್ಮ ಪೆಟ್ಟಿಗೆ ಆ ಸಂಜೆಯಿಂದ ಐದು ನಿಮಿಷಕ್ಕೊಮ್ಮೆ ತಾನೇ ಆಫ್ ಆಗತೊಡಗಿತು.

ಮಗ್ಗುಲು ಬಿಚ್ಚಿದೆವು. ಹಿಂದಿನ ಫ್ಯಾನಿನ ಜಾಲರಿಗೆ ಕಣಜ ಮಣ್ಣಿನ ಗೂಡು ಮೆತ್ತಿತ್ತು, ಹೆಬ್ಬೆರಳಿನಷ್ಟು ದಪ್ಪ. ಕೆರೆದರೆ ಒಳಗೆ ಒಣಗಿದ ಹಸಿರು ಹುಳ ನಾಲ್ಕು. ಪವರ್ ಸಪ್ಲೈ ಸಂದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಹಲ್ಲಿಮೊಟ್ಟೆ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಧೂಳು ಕಂಬಳಿ ಹೊದೆಸಿತ್ತು. ಮದರ್‌ಬೋರ್ಡಿನ ಅಂಚಿಗೆ ಬೂಷ್ಟು, ಹಳೇ ಉಪ್ಪಿನಕಾಯಿ ಭರಣಿಯ ಬಾಯಿಗೆ ಬರುತ್ತದಲ್ಲ, ಅದೇ ಬಣ್ಣದ್ದು. ಶಿವಮೊಗ್ಗದಲ್ಲಿ ಇದಕ್ಕೆ ಬ್ಲೋವರ್ ಇರುತ್ತದೆ ಅಂದ ಹುಡುಗ. ನಮ್ಮಲ್ಲಿ ಒಲೆಯ ಊದುಗೊಳವೆ ಇತ್ತು. ಉಸಿರು ಕಟ್ಟಿ ಊದಿದೆ. ಹದಿನೈದು ವರ್ಷದ ಧೂಳು ಹೋಗುವಲ್ಲಿಗೆ ಹೋಗದೆ ಸೀದಾ ನನ್ನ ಮುಖಕ್ಕೆ ಬಂತು.

ರ‍್ಯಾಮ್ ಕಿತ್ತು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆವು. ಬೋರ್ಡನ್ನೂ ಬಿಚ್ಚಿ, ಒರೆಸಿ, "ಥಂಡಿ ಹಿಡಿದಿದೆ, ಸ್ವಲ್ಪ ಆರಲಿ" ಅಂತ ಜಗಲಿಯ ಮೇಲಿಟ್ಟು ತೋಟಕ್ಕೆ ಹೋದೆವು. ಮಳೆ ಒಂದು ಗಳಿಗೆ ಬಿಟ್ಟಿತ್ತು, ಅಡಿಕೆಗೆ ಕೊಳೆರೋಗ ಬಂದಿದೆಯೋ ನೋಡಬೇಕಿತ್ತು.

ವಾಪಸು ಬಂದರೆ ಬೋರ್ಡೇ ಇಲ್ಲ.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಎಳೆದ ತಂತಿಯಲ್ಲಿ. ಅಲ್ಲಿ ನನ್ನ ಬನಿಯನ್ನಿಗೂ ಹುಡುಗನ ಸ್ವೆಟರಿಗೂ ನಡುವೆ ಮದರ್‌ಬೋರ್ಡು ನೇತಾಡುತ್ತಿತ್ತು. ಸ್ಕ್ರೂ ಹಾಕುವ ಎರಡು ತೂತಿಗೆ ಬಾಳೆನಾರು ಪೋಣಿಸಿ ಅಮ್ಮ ಗಂಟು ಹಾಕಿದ್ದರು. ಕೆಳಗೆ ಹಸಿ ಸೌದೆ ಹೊಗೆ ಕಾರುತ್ತಿತ್ತು.

"ಅಜ್ಜೀ!" ಅಂತ ಹುಡುಗ ಕಿರುಚಿದ.

"ಥಂಡಿ ಹಿಡಿದಿದೆ ಅಂದ್ರಲ್ಲ. ಜಗಲಿ ಮೇಲೆ ಎಂತ ಆರುತ್ತೆ, ಎರಚಲು ಹೊಡೀತದೆ. ಆ ತೂತು ಇಟ್ಟಿದ್ದು ಎಂತಕ್ಕೆ ಮತ್ತೆ?"

ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಹೊಸದು ಮರುದಿನ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕೈಲಿ ಬಂತು. ಕಳಿಸಿದ ಅಂಗಡಿಯವನು ಫೋನಿನಲ್ಲಿ ಬುದ್ಧಿಯನ್ನೂ ಹೇಳಿದ: "ಇದಕ್ಕೆ ದುಡ್ಡು ಹಾಕಬೇಡಿ ಸಾರ್, ಹೊಸದೇ ತಗೊಳ್ಳಿ." ದೀಪಾವಳಿಗೆ ನೋಡೋಣ ಅಂದೆ. ದೀಪಾವಳಿ ಕಳೆದು ಕೇಳುವಷ್ಟರಲ್ಲಿ ಏಐ ಡೇಟಾ ಸೆಂಟರಿನವರು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡು ರ‍್ಯಾಮ್ ರೇಟು ಗಗನಕ್ಕೆ ಹೋಗಿತ್ತು. ಹೊಸ ಮದುವೆಯ ಖರ್ಚಿನ ಅಂದಾಜು ಕೇಳಿದವನಂತೆ ಫೋನಿಟ್ಟೆ.

ಇರಲಿ. ಪೇಸ್ಟು ಬಳಿದು, ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದರೆ ಪೆಟ್ಟಿಗೆ ಒಂದೇ ಏಟಿಗೆ ಎದ್ದಿತು. ಫ್ಯಾನು ತಿರುಗಿದಾಗೆಲ್ಲ ಕೋಣೆ ತುಂಬ ಸೌದೆ ಹೊಗೆಯ ವಾಸನೆ. ಹುಡುಗ ಗುಡ್ಡ ಹತ್ತಿ ಹೋಗಿ ಹಳೇ ಡೂಮ್ ಇಳಿಸಿಕೊಂಡು ಬಂದ. ಅದರ ಮೊದಲ ಭಾಗವನ್ನು ಆಗಲೇ ಪುಕ್ಕಟೆ ಹಂಚಿದ್ದರು, ಮೂರು ಎಂಬಿಯೂ ಇಲ್ಲ. 1997ರಲ್ಲಿ ಅದರ ಸೋರ್ಸ್ ಕೋಡನ್ನೂ, ಅಂದರೆ ಗೇಮು ಬರೆದ ಮೂಲ ಪ್ರೋಗ್ರಾಮನ್ನೂ ಬಿಟ್ಟುಕೊಟ್ಟ ಮೇಲೆ ಜನ ಅದನ್ನು ಪ್ರಿಂಟರಿನಲ್ಲಿ ಓಡಿಸಿದರು. 2022ರಲ್ಲಿ ಒಬ್ಬ ಜಾನ್ ಡಿಯರ್ ಟ್ರ್ಯಾಕ್ಟರಿನ ಪರದೆಯಲ್ಲೂ ಆಡಿ ತೋರಿಸಿದ. ಕೆಳಮನೆಯ ಟಿಲ್ಲರಿಗೆ ಪರದೆ ಇಲ್ಲ, ಇಲ್ಲದಿದ್ದರೆ ನಾವೂ ಒಂದು ಕೈ ನೋಡುತ್ತಿದ್ದೆವು.

ಗೇಮು ಶುರುವಾಯಿತು. ಕಂದು ಗೋಡೆ, ಹಸಿರು ನೀರು. ಅಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಇದೆಂತ, ನಮ್ಮ ಬಚ್ಚಲ ಹಾಗೇ ಉಂಟು" ಅಂದರು. ನಾನು ಮೂರನೇ ರಾಕ್ಷಸನಿಗೆ ಗುರಿ ಇಡುವಾಗ ಕರೆಂಟು ಹೋಯಿತು. ನಮ್ಮ ಜಿಲ್ಲೆಯ ಅಂಚಿನಲ್ಲೇ ಇರುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದಕ್ಕೆ ನೀರು ಕೊಡುವ ಮಳೆ ಬಂದ ಕೂಡಲೇ ನಮಗೆ ಕತ್ತಲೆ. ಯುಪಿಎಸ್ ಕುಂಯ್ ಕುಂಯ್ ಅಂದು ಅದೂ ಸುಮ್ಮನಾಯಿತು.

ಕತ್ತಲಲ್ಲಿ ಅಮ್ಮ ಪೆಟ್ಟಿಗೆಯ ಮೇಲೆ ಕೈಯಾಡಿಸುವ ಸದ್ದು ಕೇಳಿತು. "ಇದಕ್ಕೂ ಥಂಡಿ ಹಿಡಿದಿದೆಯಲ್ಲ ಮಾರಾಯಾ" ಅಂದರು. ಯಾವುದಕ್ಕೆ ಅಂತ ಕೇಳಲಿಲ್ಲ.

ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಚ್ಚಲ ತಂತಿಯ ಮೇಲೆ ಹನ್ನೆರಡು ಜಾತಕ ಕ್ಲಿಪ್ಪು ಹಾಕಿಸಿಕೊಂಡು ಸಾಲಾಗಿ ಒಣಗುತ್ತಿದ್ದವು.