ಕೈ ಮುಗಿಯಲು ಬಿಡುವಿಲ್ಲದವರು

ದೇವರ ಚಿತ್ರ ಬರೆಯುವವನಿಗೆ ಒಂದು ತೊಂದರೆ ಇದೆ: ಕೈ ಮುಗಿಯಲು ಆಗುವುದಿಲ್ಲ. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಬಣ್ಣದ ಡಬ್ಬಿ, ಕಾಲ ಕೆಳಗೆ ಅಲುಗಾಡುವ ಏಣಿ. ಬೇಡಿಕೊಳ್ಳುವುದು ಏನಿದ್ದರೂ ಬಣ್ಣದಲ್ಲೇ ಬೇಡಿಕೊಳ್ಳಬೇಕು. ಏಣಿ ಹತ್ತಿದವನ ಬೇಡಿಕೆಗಳೂ ಸಣ್ಣವು. ಏಣಿ ಜಾರದಿರಲಿ, ಬಣ್ಣ ಒಸರದಿರಲಿ, ಅಪ್ಪಾ, ನಿನ್ನ ಎಡಗಣ್ಣು ಬಲಗಣ್ಣಿನ ಮಟ್ಟಕ್ಕೇ ಬರಲಿ. ಮೋಕ್ಷದ ವಿಚಾರ ಕೆಳಗಿಳಿದ ಮೇಲೆ.

ಕಲಬುರಗಿಯ ನಮ್ಮ ಓಣಿಯ ಹನುಮಪ್ಪನ ಗುಡಿಗೆ ಬಣ್ಣ ಹಚ್ಚುವ ಪೇಂಟರ್ ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ಕೈಬಿಟ್ಟರು, ದೇವರು ಕೈಬಿಡಲಿಲ್ಲ. ಹನುಮಪ್ಪನ ಬಾಲ, ಕಿರೀಟ, ಎತ್ತಿ ಹಿಡಿದ ಬೆಟ್ಟ ಇವೆಲ್ಲ ಅವನಿಗೆ ಮಾತಾಡುತ್ತಲೇ ಮುಗಿಯುವ ಕೆಲಸ. ಬೆಟ್ಟಕ್ಕೆ ಹಸಿರು ಬಳಿಯುತ್ತ ಕೆಳಗೆ ನಿಂತವರ ಜೊತೆ ಚುನಾವಣೆಯ ಚರ್ಚೆಯನ್ನೂ ಮಾಡುತ್ತಾನೆ. ಕಣ್ಣನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತಾನೆ. ಆ ದಿನ ಸ್ನಾನ ಮಾಡಿ ಬರುತ್ತಾನೆ, ಬಾಯಲ್ಲಿ ಎಲೆಯಡಿಕೆ ಇರುವುದಿಲ್ಲ. ಪೂಜಾರಿ ಕಾಯಿ ಒಡೆದ ಮೇಲೆ ಅತಿ ಸಣ್ಣ ಕುಂಚ ತೆಗೆದು, ಅದರ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ಚೂಪು ಮಾಡಿ, ಉಸಿರು ಬಿಗಿಹಿಡಿದು ಕಪ್ಪು ಗೊಂಬೆ ಕೂರಿಸುತ್ತಾನೆ. ಅದರೊಳಗೆ ಸಾಸಿವೆಯಷ್ಟು ಬಿಳಿ ಚುಕ್ಕಿ. ಆ ಚುಕ್ಕಿ ಬೀಳುವ ತನಕ ಹನುಮಪ್ಪ ಎತ್ತಲೂ ನೋಡುತ್ತಿರುವುದಿಲ್ಲ. ಬಿದ್ದ ಮೇಲೆ ಗುಡಿಯ ಯಾವ ಮೂಲೆಗೆ ಸರಿದರೂ ನಮ್ಮನ್ನೇ ನೋಡುತ್ತಾನೆ. ಹಿಂದಿನ ದಿನದವರೆಗೆ ಪೇಂಟರನಿಗೆ ಚೌಕಾಶಿ ಹೇಳುತ್ತಿದ್ದ ಗುಡಿಯ ಕಮಿಟಿಯವರು ಆಗ ತಾವಾಗಿಯೇ ಚಪ್ಪಲಿ ಕಳಚುತ್ತಾರೆ.

ಗುಡಿಗೆ ಬಣ್ಣ ಬೀಳುವುದು ತೊಗರಿಯ ಕೃಪೆಯಿಂದ. ನಮ್ಮದು ತೊಗರಿಯ ಕಣಜ. ಬೆಳೆ ಬಂದು, ಬಂದ ಬೆಳೆಗೆ ದರವೂ ಸಿಕ್ಕ ವರ್ಷ ಹಳ್ಳಿಗಳ ದೇವರು ಹೊಸ ಬಟ್ಟೆ ಉಡುತ್ತಾರೆ. ಮಳೆ ಕೈಕೊಟ್ಟ ವರ್ಷ ಹಳೆಯ ಬಣ್ಣದಲ್ಲೇ ಜಾತ್ರೆ. ಹೀಗಾಗಿ ರೈತ ಮಳೆ ಬೇಡುತ್ತಾನೆ, ಪೇಂಟರ್ ರೈತನಿಗೆ ಮಳೆ ಬರಲೆಂದು ಬೇಡುತ್ತಾನೆ. ನನಗೆ ಕೇಳಿದರೆ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಪ್ರಾರ್ಥನೆ. ಇನ್ನೊಬ್ಬರಿಗೆ ಒಳ್ಳೆಯದಾಗಲಿ ಎಂದು ಇಷ್ಟು ಮನಸ್ಸಿಟ್ಟು ಬೇಡುವವರು ಎಲ್ಲಿ ಸಿಗುತ್ತಾರೆ? ಕೈಯಲ್ಲಿ ಕಾಸಿಲ್ಲದ ವರ್ಷವೂ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲು ಹುಡುಕಿ, ಸುಣ್ಣ ಬಳಿದು, ಕುಂಕುಮ ಇಟ್ಟು ಪಾಂಡವರೆಂದು ಕೂರಿಸುತ್ತಾರೆ. ಅಲ್ಲಿ ಕಣ್ಣು ಮೂಗಿನ ತಾಪತ್ರಯವಿಲ್ಲ. ಭೀಮ ಯಾರು, ನಕುಲ ಯಾರು ಎಂದು ಯಾರೂ ಕೇಳುವುದಿಲ್ಲ.

ಕಣ್ಣು ಮೂಗಿನ ತಾಪತ್ರಯವನ್ನು ಮೈಮೇಲೆ ಎಳೆದುಕೊಂಡು ಗೆದ್ದವರೂ ನಮ್ಮೂರಿನವರೇ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಆಮೇಲೆ ಪುರಾಣದ ದೇವರು ದೇವತೆಗಳನ್ನು ಕ್ಯಾಲೆಂಡರಿಗೆ ತಂದರು. ಕ್ಯಾಲೆಂಡರಿನ ದೇವರ ಭಾಗ್ಯ ವಿಚಿತ್ರವಾದದ್ದು. ವರ್ಷ ಮುಗಿದರೆ ಕೆಳಗಿನ ತಾರೀಖುಗಳು ಕಸಕ್ಕೆ ಹೋಗುತ್ತವೆ, ಮೇಲಿನ ದೇವರು ಕಟ್ಟು ಹಾಕಿಸಿಕೊಂಡು ಜಗಲಿಗೆ ಏರುತ್ತಾನೆ. ಗೊಬ್ಬರದ ಅಂಗಡಿಯ ಹೆಸರು ಪಾದದ ಬಳಿ ಹಾಗೆಯೇ ಉಳಿದಿದ್ದರೂ ಊದಿನಕಡ್ಡಿಗೆ ಅದರಿಂದೇನೂ ಅಡ್ಡಿಯಿಲ್ಲ.

ಬೀದರಿನ ಅಷ್ಟೂರಿನಲ್ಲಿ ಕಣ್ಣು ಬರೆಯುವ ಪ್ರಶ್ನೆಯೇ ಇರಲಿಲ್ಲ. ರಾಜಧಾನಿಯನ್ನು ನಮ್ಮೂರಿನಿಂದ ಬೀದರಿಗೆ ಒಯ್ದ (ಆ ಸಿಟ್ಟು ನಮಗೆ ಇನ್ನೂ ಸ್ವಲ್ಪ ಇದೆ) ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ 1436ರಲ್ಲಿ ತೀರಿಕೊಂಡ. ಅವನ ಗುಮ್ಮಟದ ಒಳಗೋಡೆಗಳಲ್ಲಿ ಪ್ರಾರ್ಥನೆ ಅಕ್ಷರಗಳಾಗಿ, ಅಕ್ಷರ ಬಳ್ಳಿಯಾಗಿ, ಕೆಂಪು, ನೀಲಿ, ಬಂಗಾರದ ಬಣ್ಣಗಳಲ್ಲಿ ಮೇಲಿನವರೆಗೆ ಹಬ್ಬಿದೆ. ಒಳಗೆ ಕತ್ತಲು. ನಾವು ಹೋದಾಗ ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಬಿಸಿಲಿನ ತುಂಡು ಗೋಡೆಯ ಮೇಲೆ ಸರಿದಂತೆಲ್ಲ ಬಂಗಾರ ಹೊಳೆಯಿತು. ಅಷ್ಟು ಎತ್ತರದಲ್ಲಿ, ಕತ್ತು ಹಿಂದಕ್ಕೆ ಬಾಗಿಸಿಕೊಂಡು, ಕೆಳಗಿನವರಿಗೆ ಸರಿಯಾಗಿ ಕಾಣದ ಗೆರೆಯನ್ನೂ ಅಷ್ಟು ನಾಜೂಕಾಗಿ ಎಳೆದವನು ಯಾರಿಗೆ ತೋರಿಸಲು ಎಳೆದ? ಸುಲ್ತಾನನಿಗಂತೂ ಅಲ್ಲ, ಅವನು ಆಗಲೇ ಕೆಳಗೆ ಮಲಗಿರಬೇಕು. ಇದೇ ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬುವವರೂ ಇದ್ದಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಹಳ್ಳಿಯಿಂದ ಜಂಗಮರು ಬರುತ್ತಾರೆ. ಗೋಡೆಯ ಲಿಪಿ ಓದಲು ಬಾರದವರೇ ಹೆಚ್ಚು. ಕೈ ಮುಗಿಯಲು ಲಿಪಿ ಬರಬೇಕಿಲ್ಲ.

ದೇವರ ಚಿತ್ರಕ್ಕೆ ಇನ್ನೊಂದು ನೌಕರಿಯೂ ಇದೆ. ಗೋಡೆಯ ಮೂಲೆಯಲ್ಲಿ ನಿಂತು ಮೂತ್ರ ಮಾಡುವವರನ್ನು ತಡೆಯಲು ಬಸವಣ್ಣ, ಸಾಯಿಬಾಬಾ, ಏಸು, ಮೆಕ್ಕಾ ಎಲ್ಲರನ್ನೂ ಸಾಲಾಗಿ ಟೈಲ್ಸಿನಲ್ಲಿ ಅಂಟಿಸುತ್ತಾರೆ. ಸರ್ವಧರ್ಮ ಸಮನ್ವಯ ನಮ್ಮಲ್ಲಿ ಅತ್ಯಂತ ಯಶಸ್ವಿಯಾಗಿರುವ ಜಾಗ ಅದು. ಮನೆಯ ಯಜಮಾನನ ಭರವಸೆ ಎಷ್ಟು ದೊಡ್ಡದೆಂದು ನೋಡಿ. ಪುರಸಭೆಯ ಬೋರ್ಡಿಗೆ ಹೆದರದವನು ದೇವರಿಗಾದರೂ ನಾಚಿಯಾನು ಎಂಬುದು.

ಈ ಸಲ ಗುಡಿಗೆ ಬಣ್ಣದ ಖರ್ಚು ಹೊತ್ತವರು ಪಕ್ಕದ ಓಣಿಯ ಹಿರಿಯರೊಬ್ಬರು, ಮಗನ ಪೊಲೀಸ್ ಭರ್ತಿಯ ಹರಕೆ. ಏಣಿಯ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. "ತಮ್ಮಾ, ತೊಡೆ ಇನ್ನೊಂದಿಷ್ಟು ದಪ್ಪ ಮಾಡು, ಹುಡುಗನಿಗೆ ಓಟದ ಪರೀಕ್ಷೆ ಇದೆ" ಎಂದರು. ಪೇಂಟರ್ ಮಾಡಿದ. "ಎದೆಯನ್ನೂ ನೋಡು, ಅದನ್ನೂ ಅಳೆಯುತ್ತಾರಂತೆ." ಅದನ್ನೂ ಹಿಗ್ಗಿಸಿದ. "ಲಿಖಿತ ಪರೀಕ್ಷೆಗೆ ಏನು ಮಾಡಬಹುದು?" ಎಂದು ಹಿರಿಯರು ಕೇಳಿದರು. ಪೇಂಟರ್ ಕುಂಚ ಒರೆಸಿಕೊಳ್ಳುತ್ತ, "ಅದಕ್ಕೆ ಸರಸ್ವತಿಯನ್ನು ಬೇರೆ ಬರೆಯಬೇಕಾಗುತ್ತದೆ ಕಾಕಾ, ರೇಟು ಬೇರೆ" ಎಂದ. ಈಗ ಗುಡಿಯ ಬಲಗೋಡೆಗೆ ಬಿಳಿ ಪ್ರೈಮರ್ ಹೊಡೆದಾಗಿದೆ.