ಓದಿದರೂ ತಪ್ಪು, ಓದದಿದ್ದರೂ ತಪ್ಪು

ನಿನ್ನೆ ರಕ್ತಪಿಶಾಚಿಯ ಪ್ರೇಮಕಥೆ ‘ಟ್ವೈಲೈಟ್’ ಕಾದಂಬರಿ ಹಿಡಿದು ಹತ್ತು ಪುಟ ದಾಟಿರಲಿಲ್ಲ, ಪಕ್ಕದಲ್ಲಿ ಕೂತವರು ಮೂಗು ಮುರಿದರು. “ಅಯ್ಯೋ, ಇದನ್ನೂ ಓದ್ತೀರಾ?” ಸಾಕಾಯ್ತು. 2005ರಲ್ಲಿ ಬಂದ ಪುಸ್ತಕ ಸ್ವಾಮಿ, ಜಗಳ ಇನ್ನೂ ಮುಗಿದಿಲ್ಲ! ಒಬ್ಬರಿಗೆ ಕಥಾನಾಯಕ, ರಕ್ತಪಿಶಾಚಿ ಎಡ್ವರ್ಡ್ ಅಂದ್ರೆ ಪ್ರಾಣ. ಇನ್ನೊಬ್ಬರಿಗೆ ಅವನು, ಹುಡುಗಿ ನಿದ್ದೆ ಮಾಡೋದನ್ನು ರಾತ್ರಿಯೆಲ್ಲಾ ನೋಡುತ್ತಾ ಕೂರುವ ನೂರು ವರ್ಷದ ಮುದುಕ. ಬಿಸಿಲಿಗೆ ರಕ್ತಪಿಶಾಚಿ ಸುಟ್ಟು ಬೂದಿಯಾಗಬೇಕಂತೆ, ಈ ಕಥೆಯಲ್ಲಿನ ಹಾಗೆ ಮಿಂಚಬಾರದಂತೆ. ಯಾರು ಬರೆದ ಕಾನೂನು ಇದು? ಪಿಶಾಚಿಗಳೇ ಬಂದು ಸಹಿ ಹಾಕಿ ಕೊಟ್ಟವಾ? ಚೆನ್ನಾಗಿದೆ ಅಂದರೆ ನನಗೆ ಬುದ್ಧಿ ಇಲ್ಲ, ಚೆನ್ನಾಗಿಲ್ಲ ಅಂದರೆ ಹೃದಯ ಇಲ್ಲ. ಸುಮ್ನೆ ಇದ್ದರೆ, “ನೀವು ಎಡ್ವರ್ಡ್ ಕಡೆಯೋ, ಅದೇ ಹುಡುಗಿಯನ್ನು ಪ್ರೀತಿಸೋ ಜೇಕಬ್ ಕಡೆಯೋ?” ನಾನಿನ್ನೂ ಹತ್ತನೇ ಪುಟದಲ್ಲಿದ್ದೀನಿ ಕಣ್ರೀ! ಅಷ್ಟರಲ್ಲಿ ಕೊನೆಗೆ ಏನಾಗುತ್ತೆ ಅಂತಲೂ ಹೇಳಿಬಿಟ್ಟರು.