ಮಡಕೆ ಚೂರಿನ ಗುಡ್ಡದ ಬುಡದಲ್ಲಿ

ರೋಮ್ ಏಳು ಗುಡ್ಡಗಳ ಊರು ಎಂದು ಶಾಲೆಯಲ್ಲಿ ಓದಿದವರಿಗೆ ಎಂಟನೆಯದರ ಸುದ್ದಿ ಯಾರೂ ಹೇಳಿರುವುದಿಲ್ಲ. ಯಾಕೆಂದರೆ ಅದು ದೇವರು ಇಟ್ಟ ಗುಡ್ಡವಲ್ಲ, ಕಸ ಎಸೆದವರು ಕಟ್ಟಿದ್ದು. ಸುಮಾರು 35 ಮೀಟರ್ ಎತ್ತರ. ಬುಡದಿಂದ ತುದಿಯವರೆಗೆ ಒಡೆದ ಮಣ್ಣಿನ ಹೂಜಿಗಳೇ. ಸ್ಪೇನ್ ಮತ್ತು ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ತುಂಬಿಕೊಂಡು ತೈಬರ್ ನದಿಯ ಧಕ್ಕೆಗೆ ಬಂದಿಳಿದ ಹೂಜಿಗಳು ಅವು. ಎಣ್ಣೆ ಕುಡಿದ ಮಡಕೆಯನ್ನು ಎಷ್ಟು ತಿಕ್ಕಿದರೂ ಕಮಟು ಹೋಗದು, ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಮಾತು. ಹಾಗಾಗಿ ರೋಮನ್ನರು ಅವನ್ನು ಒಡೆದು, ಅಚ್ಚುಕಟ್ಟಾಗಿ ಒಟ್ಟಿ, ವಾಸನೆ ಅಡಗಲೆಂದು ಮೇಲೆ ಸುಣ್ಣ ಚೆಲ್ಲಿದರು. ಮಡಕೆ ಚೂರಿಗೆ ಲ್ಯಾಟಿನ್ನಿನಲ್ಲಿ 'ತೆಸ್ತೆ'. ಅದರಿಂದಲೇ ಗುಡ್ಡಕ್ಕೂ ಅದರ ಸುತ್ತಲಿನ ಕೇರಿಗೂ ತೆಸ್ತಾಚ್ಚೊ ಎಂಬ ಹೆಸರು.

ಹೊಟ್ಟೆ ಹಸಿದವರಿಗೆ ಈ ಇತಿಹಾಸವೇಕೆ ಎನ್ನಬೇಡಿ. ಇಲ್ಲಿಯ ಊಟದ ಗುಟ್ಟು ಇರುವುದೇ ಬೇಡವೆಂದು ಬಿಟ್ಟದ್ದರಲ್ಲಿ. 1891ರ ಹೊತ್ತಿಗೆ ಗುಡ್ಡದ ಪಕ್ಕದಲ್ಲೇ ನಗರದ ದೊಡ್ಡ ಕಸಾಯಿಖಾನೆ ಎದ್ದು ನಿಂತಿತು, 1975ರವರೆಗೂ ನಡೆಯಿತು. ಕೊಯ್ದ ದನವನ್ನು ನಾಲ್ಕು ಪಾಲು ಮಾಡಿ ಉಳ್ಳವರ ಅಡುಗೆಮನೆಗೆ ಕಳಿಸಿದ ಮೇಲೆ ಉಳಿಯುವ ಬಾಲ, ನಾಲಿಗೆ, ಕರುಳು, ಬೋಟಿ ಇವೆಲ್ಲ 'ಕ್ವಿಂತೊ ಕ್ವಾರ್ತೊ', ಅಂದರೆ ಐದನೆಯ ಕಾಲುಭಾಗ. ಒಂದಕ್ಕೆ ಐದು ಕಾಲು ಹೇಗೆಂದು ಲೆಕ್ಕದ ಮೇಷ್ಟ್ರು ಕೇಳಬಹುದು. ಅಲ್ಲಿಯ ಕೆಲಸಗಾರರು ಕೇಳಲಿಲ್ಲ. ಕೂಲಿಯ ಒಂದಂಶವಾಗಿ ಅದನ್ನು ಮನೆಗೆ ಒಯ್ದು ಬೇಯಿಸಿದರು. ತಲೆಮಾಂಸ, ಕಾಲುಸೂಪಿನ ರುಚಿ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದನದ ಬಾಲವನ್ನು ಟೊಮೆಟೊ ಮತ್ತು ಧಾರಾಳ ಸೆಲರಿಯ ಜೊತೆ ಮೂರು ಗಂಟೆಗೂ ಮಿಕ್ಕಿ ಕುದಿಸಿದ 'ಕೋದ ಅಲ್ಲ ವಾಕ್ಚಿನಾರ' ಈ ಕೇರಿಯ ಹೆಮ್ಮೆಯ ಸಾರು. ಮೂಳೆಯಿಂದ ಮಾಂಸ ತಾನಾಗಿ ಕಳಚಿಕೊಳ್ಳದೆ ಎಳೆದರೆ ಬರುವಂತಿದ್ದರೆ ಅಡುಗೆಯವನು ಅವಸರ ಮಾಡಿದ್ದಾನೆ ಎಂದೇ ಅರ್ಥ.

ಮೆಟ್ರೊ ಬಿ ಲೈನಿನ ಪಿರಾಮಿದೆ ನಿಲ್ದಾಣದಲ್ಲಿ ಇಳಿಯಿರಿ. ಎದುರಿಗೇ ನಿಜವಾದ ಪಿರಮಿಡ್ಡು ಕಾಣುತ್ತದೆ, ಬೆರಗಾಗಬೇಡಿ. ಈಜಿಪ್ಟಿನ ಶೋಕಿ ಹತ್ತಿದ್ದ ಹಳೆಯ ರೋಮನ್ ಸಾಹುಕಾರನೊಬ್ಬನ ಗೋರಿ ಅದು. ಅಲ್ಲಿಂದ ವಿಯ ಮಾರ್ಮೊರಾತ ಹಿಡಿದು ನಡೆದರೆ ಹತ್ತು ನಿಮಿಷದಲ್ಲಿ ಕೇರಿಯ ನಡುವೆ ಇರುತ್ತೀರಿ.

ಮೊದಲು ಕಾಫಿ. ಇಲ್ಲಿ 'ಬಾರ್' ಎಂದರೆ ಕಾಫಿ ಅಂಗಡಿ, ಹೆಸರು ಕಂಡು ಹಿಂಜರಿಯುವುದು ಬೇಡ. ಹಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು, ಅದನ್ನು ಕಟ್ಟೆಯ ಮೇಲಿಟ್ಟು ಕೇಳಬೇಕು. ನಮ್ಮ ದರ್ಶಿನಿಗಳ ಪದ್ಧತಿಯೇ. ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು, ಕೆಲವೊಮ್ಮೆ ದುಪ್ಪಟ್ಟು. 'ಕಫೆ' ಎಂದರೆ ಎರಡು ಗುಟುಕಿನ ಎಸ್ಪ್ರೆಸೊ. ಬೆಂಗಳೂರಿನ ಕಾಫಿ ಡೇ ಅಭ್ಯಾಸದಲ್ಲಿ 'ಲಾತೆ' ಎಂದು ಕೇಳಿದಿರೋ, ಒಂದು ಲೋಟ ಬರಿ ಹಾಲು ಬರುತ್ತದೆ, ಏಕೆಂದರೆ ಲಾತ್ತೆ ಎಂದರೆ ಹಾಲೇ. ಕಾಫಿ ಬೆರೆಸಿದ್ದು ಬೇಕಾದರೆ 'ಕಫೆ ಲಾತ್ತೆ' ಎನ್ನಿ. ಇದೇ ಜಾತಿಯ ಇನ್ನೊಂದು ಎಡವಟ್ಟು ಪೆಪ್ಪರೋನಿ ಪಿಜ್ಜಾ: 'ಪೆಪೆರೋನಿ' ಇಲ್ಲಿ ದಪ್ಪ ಮೆಣಸಿನಕಾಯಿ. ಮಾಂಸ ಬಯಸಿದವನಿಗೆ ನಿರಾಸೆ, ಪಕ್ಕದಲ್ಲಿ ಕೂತ ಸಸ್ಯಾಹಾರಿಗೆ ಲಾಟರಿ.

ಸಂತೆ ಈಗಿರುವುದು ವಿಯ ಗಾಲ್ವಾನಿಯ ಮಗ್ಗುಲಲ್ಲಿ, 2012ರಲ್ಲಿ ತೆರೆದ ಬಿಳಿ ಕಟ್ಟಡದಲ್ಲಿ. ಅದಕ್ಕೂ ಮೊದಲು ಪಿಯಾತ್ಸ ತೆಸ್ತಾಚ್ಚೊ ಚೌಕದಲ್ಲಿತ್ತು. ಅದು ಜಾಗ ಖಾಲಿ ಮಾಡಿದ ಮೇಲೆ, 1927ರ ಹೂಜಿಗಳ ಕಾರಂಜಿ 2015ರಲ್ಲಿ ತನ್ನ ಹಳೆಯ ಮನೆಗೆ ವಾಪಸಾಯಿತು. ಸಂತೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆಯ ತನಕ ಎಂದು ಲೆಕ್ಕ, ಆದರೆ ಎರಡು ದಾಟಿತೆಂದರೆ ತರಕಾರಿಯವರು ಬುಟ್ಟಿ ಎತ್ತತೊಡಗುತ್ತಾರೆ. ಹನ್ನೊಂದರೊಳಗೆ ಹೋದರೆ ಕ್ಷೇಮ. ಭಾನುವಾರ ಹೋದವರು ಮುಚ್ಚಿದ ಷಟರ್ ನೋಡಿಕೊಂಡು ಬರುತ್ತಾರೆ.

ತರಕಾರಿಯನ್ನು ಮುಟ್ಟಿ, ಹಿಸುಕಿ ಆರಿಸುವ ನಮ್ಮ ಜನ್ಮಸಿದ್ಧ ಹಕ್ಕು ಇಲ್ಲಿ ನಡೆಯುವುದಿಲ್ಲ. ಬೆರಳು ತೋರಿಸಿ, ಇವತ್ತಿಗೋ ನಾಳೆಗೋ ಎಂದು ಅಂಗಡಿಯವರೇ ಕೇಳಿ ಹದ ನೋಡಿ ಕೊಡುತ್ತಾರೆ, ಆ ಪ್ರಶ್ನೆಗೆ ಸುಳ್ಳು ಹೇಳದಿದ್ದರಾಯಿತು. ಚಳಿಗಾಲದಲ್ಲಿ 'ಪುಂತಾರೆಲ್ಲೆ' ಹುಡುಕಿ. ಚಿಕೋರಿ ಸೊಪ್ಪಿನ ಎಳೆಯ ಕಾಂಡ ಅದು. ಮರದ ಚೌಕಟ್ಟಿಗೆ ತಂತಿ ಬಿಗಿದ ಪುಟ್ಟ ಸಲಕರಣೆಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಶಾವಿಗೆ ಒರಳಿನಿಂದ ಇಳಿದಂತೆ ಎಳೆಎಳೆಯಾಗಿ ಕೆಳಗೆ ಬೀಳುತ್ತದೆ. ಆ ಎಳೆಗಳನ್ನು ಅರ್ಧ ಗಂಟೆಯಾದರೂ ತಣ್ಣನೆಯ ನೀರಲ್ಲಿ ಬಿಡಬೇಕು. ಕಹಿ ಇಳಿಯುತ್ತದೆ, ಎಳೆ ಸುರುಳಿ ಸುತ್ತುತ್ತದೆ. ಸುರುಳಿ ಬಾರದಿದ್ದರೆ ನೀರು ಸಾಕಷ್ಟು ತಣ್ಣಗಿರಲಿಲ್ಲ. ಹೋಟೆಲಿನಲ್ಲಿ ಇದನ್ನು ಹಸಿರು ಸಲಾಡು ಎಂದು ನಂಬಿ ತಿನ್ನುವ ಸಸ್ಯಾಹಾರಿಗಳು ಒಂದು ತಿಳಿದಿರಲಿ: ಬೆಳ್ಳುಳ್ಳಿ, ವಿನೆಗರ್ ಜೊತೆ ಆಂಚೊವಿ ಮೀನನ್ನು ಅರೆದು ಕಲಸಿರುತ್ತಾರೆ. ವಸಂತ ಬಂತೆಂದರೆ ಆರ್ಟಿಚೋಕು, ಎಸಳೆಸಳಾಗಿ ಬಿಡಿಸುವ ಮೊಗ್ಗಿನ ತರಕಾರಿ. ಬಲಿತ ಎಸಳು ಕಿತ್ತು, ನಿಂಬೆ ನೀರಲ್ಲಿ ಮುಳುಗಿಸಿಟ್ಟದ್ದನ್ನೇ ಕೊಳ್ಳಿ. ಮನೆಯಲ್ಲಿ ಬಿಡಿಸಲು ಹೊರಟರೆ ಕೈಯೂ ಕಪ್ಪು, ಕಾಯಿಯೂ ಕಪ್ಪು.

ದನದ ಮಾಂಸ ತಿನ್ನುವವರು ಸಂತೆಯೊಳಗಿನ 'ಮೊರ್ದಿ ಎ ವಾಯ್' ಮುಂದೆ ಸಾಲಿನಲ್ಲಿ ನಿಲ್ಲಬಹುದು. ಹೆಸರಿನ ಅರ್ಥ 'ಕಚ್ಚು, ನಡೆ'. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದ ಮಾಂಸವನ್ನು ಬ್ರೆಡ್ಡಿಗೆ ತುಂಬುವ ಮುನ್ನ ಆ ಬ್ರೆಡ್ಡನ್ನು ಅದೇ ರಸದಲ್ಲಿ ಅದ್ದುತ್ತಾರೆ. ಎರಡು ನಿಮಿಷ ಫೋಟೊ ತೆಗೆಯುತ್ತ ನಿಂತರೆ ಬುಡ ಕಳಚಿ ಅಂಗಿಯ ಮೇಲೆ ಬೀಳುವುದು ಖಾತ್ರಿ. ಹೆಸರಲ್ಲೇ ಸೂಚನೆ ಬರೆದಿದೆ, ಪಾಲಿಸಿ. ಇದೇ ಕೇರಿಯಲ್ಲಿ 2008ರಲ್ಲಿ ಹುಟ್ಟಿದ 'ತ್ರಾಪಿತ್ಸೀನೊ' ಈ ತೊಂದರೆಗೆ ಉತ್ತರ ಕಂಡುಕೊಂಡಿದೆ: ದಪ್ಪ ಪಿಜ್ಜಾ ಬ್ರೆಡ್ಡಿನ ಮೂಲೆ ಕತ್ತರಿಸಿ, ಜೇಬಿನಂತೆ ಬಿಡಿಸಿ, ಪಲ್ಯ, ಗೊಜ್ಜಿನಂಥದ್ದನ್ನು ತುಂಬುತ್ತಾರೆ. ಎರಡು ಬದಿ ಮುಚ್ಚಿರುವುದರಿಂದ ಸೋರುವುದಿಲ್ಲ. ಬದನೆಕಾಯಿಯದು ಇದ್ದರೆ ಬಿಡಬೇಡಿ.

ಸಾಮಾನಿಗೆ ವಿಯ ಮಾರ್ಮೊರಾತದ ವೊಲ್ಪೆತ್ತಿ, 1973ರಿಂದ ಇರುವ ಚೀಸು–ಮಾಂಸದ ಅಂಗಡಿ. ಅಗ್ಗವಲ್ಲ. ತೂಕದ ಭಾಷೆ 'ಎತ್ತೊ', ಅಂದರೆ ನೂರು ಗ್ರಾಂ. ಹೋಳಿನ ಪಿಜ್ಜಾ ಮಾರುವ ಕಡೆಯೂ ಇದೇ ತೂಕ. ಫಲಕದ ಮೇಲಿನ ದರ ಒಂದು ಹೋಳಿಗೆಂದು ತಿಳಿದು ಅಂಗೈಯಗಲ ತೋರಿಸಿದವರಿಗೆ ಬಿಲ್ಲು ಬಂದಾಗ ಎದೆ ಹಾರುತ್ತದೆ. ಕುರಿ ಹಾಲಿನ ಗಟ್ಟಿ ಚೀಸು ಪೆಕೊರೀನೊ ರೊಮಾನೊ ಕೊಳ್ಳುವುದಾದರೆ ತುಂಡನ್ನೇ ಕೊಳ್ಳಿ, ತುರಿದದ್ದು ಬೇಡ. 'ಸೊತ್ತೊವುವೊತೊ' ಎಂದರೆ ಗಾಳಿ ತೆಗೆದು ಕಟ್ಟಿಕೊಡುತ್ತಾರೆ. ಕಟ್ಟಾ ಸಸ್ಯಾಹಾರಿಗಳಿಗೆ ಇದೂ ಆಗದು. ಅದರ ಹಾಲು ಒಡೆಸುವ ಹೆಪ್ಪು ಕುರಿಮರಿಯ ಹೊಟ್ಟೆಯದು.

ಆ ಪೆಕೊರೀನೊ, ಕಾಳುಮೆಣಸು, ಪಾಸ್ತಾ ಮೂರೇ ಸೇರಿ 'ಕಾಚೊ ಎ ಪೇಪೆ'. ಸುಲಭವೆಂದು ಕಂಡದ್ದೇ ಮೋಸ. ಇಬ್ಬರಿಗೆ 200 ಗ್ರಾಂ ಪಾಸ್ತಾ, ನಯವಾಗಿ ತುರಿದ 100 ಗ್ರಾಂ ಪೆಕೊರೀನೊ, ಹುರಿದು ಕುಟ್ಟಿದ ಎರಡು ಚಮಚೆ ಮೆಣಸು. ಪಾಸ್ತಾಕ್ಕೆ ನೀರು ಕಡಿಮೆ ಇಡಿ, ಗಂಜಿಯಂಶ ಗಟ್ಟಿಯಾಗಲಿ; ಉಪ್ಪೂ ಕಡಿಮೆ, ಚೀಸೇ ಉಪ್ಪಿನ ಗಡ್ಡೆ. ಒಂದು ಸೌಟು ಗಂಜಿ ತೆಗೆದು ಎರಡು ನಿಮಿಷ ಆರಿಸಿ, ಆಮೇಲೆ ಚೀಸಿಗೆ ಸ್ವಲ್ಪಸ್ವಲ್ಪ ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಲೆ ಆರಿಸಿದ ಮೇಲೆಯೇ ಪಾಸ್ತಾಕ್ಕೆ ಸುರಿಯಬೇಕು. ಕುದಿಯುವುದಕ್ಕೆ ಹಾಕಿದಿರೋ, ಚೀಸಿನ ಪ್ರೋಟೀನು ಮುದ್ದೆಗಟ್ಟಿ ಚೂಯಿಂಗ್ ಗಮ್ಮಿನಂತೆ ಸೌಟಿಗೆ ಅಂಟುತ್ತದೆ, ಅದನ್ನು ಮತ್ತೆ ಬಿಡಿಸಲು ಬ್ರಹ್ಮನಿಂದಲೂ ಆಗದು. ಹೋಟೆಲಿನಲ್ಲಿ ತಟ್ಟೆಯ ತಳದಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ಗಂಟು ಕಂಡರೆ ಮತ್ತೆ ಅಲ್ಲಿಗೆ ಹೋಗಬೇಡಿ.

ಕೂತು ಉಣ್ಣಲು 'ಫ್ಲಾವಿಯೊ ಅಲ್ ವೆಲಾವೆವೊದೆತ್ತೊ' ಇದೆ. ಗುಡ್ಡವನ್ನೇ ಕೊರೆದು ಮಾಡಿದ ಕೋಣೆ, ಗೋಡೆಯ ಗಾಜಿನಾಚೆ ಆ ಹೂಜಿ ಚೂರುಗಳ ರಾಶಿ. ಉಣ್ಣುತ್ತ ಕಸ ನೋಡುವ ಸುಖ ಬೇರೆಲ್ಲೂ ಸಿಗದು. ಚೂರುಗಳ ಸಂದಿನಲ್ಲಿ ಗಾಳಿಯಾಡಿ ಒಳಗೆ ತಂಪಾಗಿರುವುದರಿಂದ ಹಿಂದೆ ಇಂಥ ಗವಿಗಳಲ್ಲಿ ವೈನ್ ಇಡುತ್ತಿದ್ದರು. ಪಿಜ್ಜಾಕ್ಕೆ ಪಿಯಾತ್ಸ ಸಾಂತ ಮರಿಯ ಲಿಬೆರಾತ್ರೀಚೆಯ 'ದ ರೇಮೊ': ಹಪ್ಪಳದಂತೆ ತೆಳ್ಳಗೆ, ಅಂಚು ಅಲ್ಲಲ್ಲಿ ಕರಿದು. ಸಂಜೆ ಏಳಕ್ಕೇ ಹೋಗಿ. ಎಂಟಕ್ಕೆ ಹೋದರೆ ಬೀದಿಯಲ್ಲಿ ನಿಲ್ಲಬೇಕು. ಶುರುವಿಗೆ ಕೇಳುವ 'ಸುಪ್ಪ್ಲಿ' ಅನ್ನದ ಬೋಂಡ. ಎರಡು ಹೋಳು ಮಾಡಿ ಎಳೆದರೆ ನಡುವಿನ ಮೊತ್ಸರೆಲ್ಲ ಚೀಸು ಹಳೆಯ ಫೋನಿನ ತಂತಿಯಂತೆ ಜಗ್ಗಬೇಕು. ಜಗ್ಗದಿದ್ದರೆ ಕರಿದು ಹೊತ್ತಾಗಿದೆ. ಅನ್ನಕ್ಕೆ ಸಾಮಾನ್ಯವಾಗಿ ಮಾಂಸದ ಸಾರು ಕಲಸಿರುತ್ತಾರೆ, 'ಸೆಂತ್ಸ ಕಾರ್ನೆ' ಎಂದು ಕೇಳಿಕೊಳ್ಳಿ. ಚೀಸು, ಮಾಂಸ ಎರಡೂ ಬೇಡವಾದವರಿಗೆ ಮರಿನಾರ ಪಿಜ್ಜಾ ಇದೆ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೆ.

ವಾರಕ್ಕೂ ಇಲ್ಲೊಂದು ಪಂಚಾಂಗವಿದೆ. ಗುರುವಾರ ಆಲೂಗೆಡ್ಡೆಯ ಪುಟ್ಟ ಕಡುಬು 'ನ್ಯೊಕ್ಕಿ', ಶುಕ್ರವಾರ ಮೀನು, ಶನಿವಾರ ಬೋಟಿ. ಎಲ್ಲರೂ ಪಾಲಿಸುತ್ತಾರೆಂದಲ್ಲ, ಆದರೆ ಗುರುವಾರ ನ್ಯೊಕ್ಕಿ ಕೇಳಿದವನಿಗೆ ಹಳೆಯ ಹೋಟೆಲಿನಲ್ಲಿ ಒಂದು ತೂಕ ಹೆಚ್ಚು ಮರ್ಯಾದೆ. ಆಗಸ್ಟಿನಲ್ಲಿ ಮಾತ್ರ ಯಾವ ಪಂಚಾಂಗವೂ ನಡೆಯದು. ಹದಿನೈದರ ಫೆರ್ರಾಗೋಸ್ತೊ ಹಬ್ಬದ ಆಚೀಚೆ ಬಾಗಿಲು ಬಾಗಿಲಿಗೂ 'ಕ್ಯೂಸೊ ಪೆರ್ ಫೆರಿಯೆ' ಎಂಬ ಕೈಬರಹದ ಚೀಟಿ. ರಜೆಗೆ ಮುಚ್ಚಿದೆ ಎಂದರ್ಥ.

ಆಗಲೂ ತೆರೆದೇ ಇರುವುದು ಬೀದಿಯ ನಲ್ಲಿ, 'ನಸೋನೆ', ದೊಡ್ಡ ಮೂಗಿನವನು. ಎರಕದ ಕಬ್ಬಿಣದ ಕಂಬ, ಬಾಗಿದ ಮೂಗಿನಿಂದ ಹಗಲೂ ರಾತ್ರಿ ಕುಡಿಯುವ ನೀರು, ಬಿಟ್ಟಿ. ಬಗ್ಗಿ ಬೊಗಸೆ ಒಡ್ಡುವುದು ಹೊಸಬರ ಲಕ್ಷಣ. ಮೂಗಿನ ಬಾಯನ್ನು ಬೆರಳಿಂದ ಅದುಮಿದರೆ ಮೇಲಿನ ಚಿಕ್ಕ ತೂತಿನಿಂದ ನೀರು ಕಮಾನಾಗಿ ಚಿಮ್ಮಿ ನೇರ ಬಾಯಿಗೇ ಬರುತ್ತದೆ. ಹೆಚ್ಚು ಅದುಮಿದರೆ ಹಿಂದೆ ನಿಂತವರ ಮುಖಕ್ಕೆ.